ಕಲ್ಲು, ಸುಣ್ಣ, ತೊಲೆ: ಯೂರೋಪಿನ ಯಾವ ಶಿಬಿರಕ್ಕೆ ಹೋಗಬೇಕು?

"ಎರಡು ವಾರ ರಜೆಯಿದೆ, ಟಿಕೆಟ್ಟಿಗಾಗುವಷ್ಟು ಉಳಿತಾಯವಿದೆ. ಊರು ಸುತ್ತಿ ಫೋಟೊ ತೆಗೆದುಕೊಂಡು ಬರುವುದಷ್ಟೇ ಬೇಡ. ಒಂದು ಗುಂಪಿನ ಜೊತೆ ದುಡಿಯಬೇಕು, ಕೈಗೆ ಒಂದು ಕೆಲಸ ಹತ್ತಬೇಕು. ಯಾವ ದೇಶಕ್ಕೆ ಹೋಗಲಿ?" ಎರಡು ಬೇಸಿಗೆಗಳನ್ನು ಫ್ರಾನ್ಸಿನ ಸ್ವಯಂಸೇವಾ ಶಿಬಿರಗಳಲ್ಲಿ ಕಳೆದು ಬಂದಿರುವ ನನ್ನನ್ನು ಪರಿಚಯದವರು ಹೀಗೆ ಕೇಳುತ್ತಿರುತ್ತಾರೆ. ದೇಶವನ್ನು ಕೊನೆಗೆ ಆರಿಸಿ ಎನ್ನುತ್ತೇನೆ. ಮೊದಲು ಕಸುಬು, ಆಮೇಲೆ ಕಲಿಸುವವರು, ಆಮೇಲೆ ದೇಶ.

ನಾನು ಮೊದಲ ಸಲ ಇದನ್ನು ತಿರುವುಮುರುವು ಮಾಡಿದ್ದೆ. ಒಂದು ಏಜೆನ್ಸಿಗೆ ಲಕ್ಷಕ್ಕೂ ಮೀರಿದ ಹಣ ಕಟ್ಟಿ ಆಗ್ನೇಯ ಏಷ್ಯಾದ ಒಂದು ಹಳ್ಳಿಗೆ ಹೋದೆ. ಬಿದಿರು ಹೆಣೆಯುವುದನ್ನು ಕಲಿಸುತ್ತೇವೆ ಎಂದು ಹೇಳಿದ್ದರು. ಹೆಣೆದದ್ದು ಒಂದು ಮಧ್ಯಾಹ್ನ. ಉಳಿದ ದಿನಗಳೆಲ್ಲ ಶಾಲೆಯ ಗೋಡೆಗೆ ಬಣ್ಣ ಹಚ್ಚಿದ್ದಾಯಿತು. ಹಿಂದಿನ ಗುಂಪು ಹಚ್ಚಿ ಹೋಗಿದ್ದ ಬಣ್ಣ ಅದರಡಿ ಇನ್ನೂ ಹೊಸದಾಗಿಯೇ ಇತ್ತು. ನಮ್ಮ ಕೆಲಸ ಯಾರಿಗೂ ಬೇಕಿರಲಿಲ್ಲ ಎಂಬುದು ಆ ಗೋಡೆಯ ಮುಂದೆ ನಿಂತಾಗ ಗೊತ್ತಾಯಿತು. ಬೇಡದ ಕೆಲಸದಿಂದ ಕಸುಬು ಬರುವುದಿಲ್ಲ. ಬೀಳುತ್ತಿರುವ ಗೋಡೆ, ಸೋರುತ್ತಿರುವ ಸೂರು ಇರುವ ಕಡೆ ಹೋದರೆ ಕಲಿಸುವವರಿಗೂ ನೀವು ಬೇಗ ಕಲಿಯಬೇಕೆಂಬ ಆತುರವಿರುತ್ತದೆ.

ಅಂಥ ಕಡೆಗಳು ಯೂರೋಪಿನಲ್ಲಿ ಬೇಕಾದಷ್ಟಿವೆ. ಗುಂಪಾಗಿ ದುಡಿಯುವ ಶಿಬಿರದ ಕಲ್ಪನೆ ಬೆಳೆದದ್ದೂ ಅಲ್ಲಿಯೇ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಫ್ರಾನ್ಸಿನ ವೆರ್ದಂ ಬಳಿಯ ಎನ್ ಎಂಬ ಹಾಳುಬಿದ್ದ ಹಳ್ಳಿಯಲ್ಲಿ ಹಲವು ದೇಶದವರನ್ನು ಸೇರಿಸಿ ಮನೆ ಕಟ್ಟುವ ಕೆಲಸ ಆರಂಭಿಸಿದರು. ಇಂಥ ಶಿಬಿರಗಳನ್ನು ನಡೆಸುವ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆಯ ಬೇರು ಅದು. ಅದೇ ಸೆರೆಸೋಲ್ 1934ರ ಭೂಕಂಪದ ನಂತರ ಬಿಹಾರಕ್ಕೂ ಬಂದು ಹಳ್ಳಿಗಳನ್ನು ಮತ್ತೆ ಕಟ್ಟುವುದಕ್ಕೆ ಹೆಗಲು ಕೊಟ್ಟಿದ್ದರು. ಇಂದಿನ ಶಿಬಿರಗಳಲ್ಲಿಯೂ ಲೆಕ್ಕ ಸರಳ. ನೀವು ಶ್ರಮ ಕೊಡುತ್ತೀರಿ, ಅವರು ಊಟ, ಮಲಗಲು ಜಾಗ, ಪಾಠ ಕೊಡುತ್ತಾರೆ. ಸಂಬಳವಿಲ್ಲ. ಪ್ರಯಾಣದ ಖರ್ಚು ನಿಮ್ಮದು, ಊಟ ಮತ್ತು ವಿಮೆಗೆಂದು ಒಂದಿಷ್ಟು ಯೂರೋ ನೀವೂ ಕೊಡಬೇಕು.

ಪ್ರೊವಾನ್ಸ್: ಗಾರೆಯಿಲ್ಲದ ಗೋಡೆ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಗುಡ್ಡಗಳನ್ನೇ ಮೆಟ್ಟಿಲು ಮಾಡಿ ಆಲಿವ್, ದ್ರಾಕ್ಷಿ ಬೆಳೆದಿದ್ದಾರೆ. ಮಣ್ಣು ಜಾರದಂತೆ ಹಿಡಿದಿಟ್ಟಿರುವ ಆ ಮೆಟ್ಟಿಲುಗೋಡೆಗಳಿಗೆ ಅಲ್ಲಿ ರೆಸ್ತಾಂಕ್ ಎನ್ನುತ್ತಾರೆ. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಗೋರ್ದ್ ಊರಿನ ಹತ್ತಿರ ಚಾವಣಿಯವರೆಗೂ ಬರಿಗಲ್ಲಿನಿಂದಲೇ ಕಟ್ಟಿದ ಬೊರಿ ಎಂಬ ಗುಡಿಸಲುಗಳ ಒಂದು ಹಳ್ಳಿಯೇ ಇದೆ. ಬರಿಗಲ್ಲಿನ ಗೋಡೆ ಕಟ್ಟುವ ಕಲೆಯನ್ನು ಯುನೆಸ್ಕೊ 2018ರಲ್ಲಿ ಫ್ರಾನ್ಸ್, ಇಟಲಿ, ಸ್ಪೇನ್, ಗ್ರೀಸ್, ಕ್ರೊಯೇಷಿಯಾ, ಸೈಪ್ರಸ್, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ಈ ಎಂಟು ದೇಶಗಳ ಹೆಸರಿನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ಇನ್ನೂ ಐದು ದೇಶಗಳು ಸೇರಿದವು.

ನನ್ನ ಮೊದಲ ಶಿಬಿರ ಇಲ್ಲಿಯೇ. ಗುಂಪಿನಲ್ಲಿ ಎಂಟು ಜನ, ಕಲಿಸಲು ಅರವತ್ತು ದಾಟಿದ ಒಬ್ಬ ಮೇಸ್ತ್ರಿ. ಅವರಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದು, ನನಗೆ ಫ್ರೆಂಚ್ ಬಾರದು. ಆದರೂ ಪಾಠಕ್ಕೆ ಅಡ್ಡಿಯಾಗಲಿಲ್ಲ. ಕಲ್ಲಿನ ಅಗಲವಾದ, ಚಂದದ ಮೈಯನ್ನು ಹೊರಗೆ ಕಾಣುವಂತೆ ಇಡಬೇಕೆಂದು ಮೊದಲ ದಿನ ಎಲ್ಲರಿಗೂ ಅನ್ನಿಸುತ್ತದೆ. ಅವರು ಬಂದು ಅದೇ ಕಲ್ಲನ್ನು ತಿರುಗಿಸಿ, ಉದ್ದ ಭಾಗ ಗೋಡೆಯೊಳಕ್ಕೆ ಹೋಗಿ ಹೊರಗೆ ಗಿಡ್ಡ ತಲೆ ಮಾತ್ರ ಕಾಣುವಂತೆ ಇಡುತ್ತಿದ್ದರು. ಆಮೇಲೆ ನನ್ನ ಅಂಗೈಯನ್ನು ಹಿಡಿದು ಕಲ್ಲಿನ ಮೇಲಿಟ್ಟು ಒತ್ತಿಸುತ್ತಿದ್ದರು. ಕಲ್ಲು ಕುಲುಕಿದರೆ ಹಿಂದಿನಿಂದ ಒಂದು ಚಕ್ಕೆ ಕೊಡಬೇಕು. ಮುಂದಿನಿಂದ ಕೊಟ್ಟ ಚಕ್ಕೆ ಒಂದಲ್ಲ ಒಂದು ದಿನ ಉದುರಿಹೋಗುತ್ತದೆ. ಎರಡು ಕಲ್ಲುಗಳ ಸಂದಿನ ಮೇಲೆ ಮೂರನೆಯ ಕಲ್ಲು ಕೂರಬೇಕು, ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲಿಯೇ ಸೀಳುತ್ತದೆ. ಗೋಡೆಯ ಹೊಟ್ಟೆಗೆ ಹಾಕುವ ಚಿಕ್ಕ ಕಲ್ಲುಗಳನ್ನು ಬುಟ್ಟಿಯಿಂದ ಸುರಿಯುವಂತಿಲ್ಲ, ಒಂದೊಂದನ್ನೂ ಕೈಯಿಂದ ಕೂರಿಸಬೇಕು. ಇಡೀ ಗೋಡೆ ಗುಡ್ಡದ ಕಡೆಗೆ ಸ್ವಲ್ಪ ಒರಗಿರಬೇಕು.

ನಾಲ್ಕನೆಯ ದಿನದ ಹೊತ್ತಿಗೆ ಕಿವಿ ಕೆಲಸ ಮಾಡತೊಡಗಿತು. ಸರಿಯಾಗಿ ಕೂತ ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಒಂದು ಸದ್ದು, ಕೆಳಗೆ ಟೊಳ್ಳಿದ್ದರೆ ಇನ್ನೊಂದು ಸದ್ದು. ಎಂಟನೆಯ ದಿನ ಕಲ್ಲಿನ ರಾಶಿಯ ಮುಂದೆ ನಿಂತಾಗ, ಗೋಡೆಯಲ್ಲಿದ್ದ ಒಂದು ತೆರಪಿಗೆ ಹೊಂದುವ ಕಲ್ಲು ಇದೇ ಎಂದು ಕಣ್ಣಿಗೆ ತಾನಾಗಿ ಹೊಳೆಯಿತು. ಎತ್ತಿ ತಂದಿಟ್ಟೆ, ಕೂತಿತು. ಆ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಎಲ್ಲ ಆಯ್ಕೆಗಳಲ್ಲಿ ನಾನು ಇದನ್ನೇ ಮೊದಲಿಗಿಡುತ್ತೇನೆ. ಎರಡು ವಾರಕ್ಕೆ ಹೇಳಿ ಮಾಡಿಸಿದ ಕಸುಬು ಇದು. ಬೆಳಿಗ್ಗೆ ಮಾಡಿದ ತಪ್ಪು ಸಂಜೆಯೊಳಗೆ ಕಣ್ಣಿಗೆ ಬೀಳುತ್ತದೆ, ಬಿಚ್ಚಿ ಮತ್ತೆ ಕಟ್ಟಬಹುದು, ಸಾಮಗ್ರಿ ಒಂದಿಷ್ಟೂ ಹಾಳಾಗುವುದಿಲ್ಲ. ಉಪಕರಣವೆಂದರೆ ಸುತ್ತಿಗೆ, ಹಾರೆ, ದಾರ, ಗೂಟ. ಊರಿಗೆ ಮರಳಿದ ಮೇಲೂ ಕೈ ಖಾಲಿ ಇರುವುದಿಲ್ಲ. ಸಾಗರದ ನಮ್ಮ ಅಡಿಕೆ ತೋಟಕ್ಕೆ ಕಾಡುಗಲ್ಲಿನ ಪಾಗಾರವಿದೆ. ಪ್ರತಿ ಮಳೆಗಾಲವೂ ಅದರ ಒಂದೆರಡು ಮಾರು ಕುಸಿಯುತ್ತಿತ್ತು, ಜೆಸಿಬಿಯಿಂದ ಕಲ್ಲು ಒಟ್ಟಿಸುತ್ತಿದ್ದೆವು. ಈಗ ಚಿಕ್ಕಪ್ಪನೂ ನಾನೂ ಸೇರಿ ಕಟ್ಟುತ್ತೇವೆ. ಗಾರೆಯಿಲ್ಲದ ಗೋಡೆ ಮಳೆನೀರನ್ನು ಸಂದುಗಳಿಂದ ಹೊರಕ್ಕೆ ಬಿಟ್ಟುಕೊಡುತ್ತದೆ. ಆದ್ದರಿಂದಲೇ ಮಲೆನಾಡಿಗೂ ಅದು ಒಗ್ಗುತ್ತದೆ. ಹಂಪಿಯ ಕೋಟೆಗೋಡೆಯ ಬೃಹತ್ ಕಲ್ಲುಗಳ ನಡುವೆಯೂ ಗಾರೆಯಿಲ್ಲ ಎಂಬುದನ್ನು ನಾನು ಗಮನಿಸಿದ್ದು ಪ್ರೊವಾನ್ಸ್‌ನಿಂದ ಬಂದ ಮೇಲೆ.

ಮೈ ಮಾತ್ರ ಗಟ್ಟಿಯಿರಬೇಕು. ಎದೆಯೆತ್ತರದ ಒಂದು ಮೀಟರ್ ಗೋಡೆಗೆ ಒಂದು ಟನ್ನಿಗೂ ಹೆಚ್ಚು ಕಲ್ಲು ಬೇಕು, ಅಷ್ಟೂ ನಿಮ್ಮ ಗುಂಪಿನ ಕೈಮೇಲೆಯೇ ಹೋಗಬೇಕು. ಜುಲೈ ತಿಂಗಳ ಪ್ರೊವಾನ್ಸ್ ಬಿಸಿಲು ನಮ್ಮ ರಾಯಚೂರನ್ನು ನೆನಪಿಸುತ್ತದೆ. ಸೊಂಟನೋವು ಇರುವವರು ದಯವಿಟ್ಟು ಇದಕ್ಕೆ ಹೆಸರು ಕೊಡಬೇಡಿ.

ಸುಣ್ಣದ ಕೆಲಸ: ರಾಂಪಾರ್ ಶಿಬಿರಗಳು

ಫ್ರಾನ್ಸಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ನಿಂತಿರುವ ಸ್ಥಳೀಯ ಸಂಘಗಳ ಒಕ್ಕೂಟ ರಾಂಪಾರ್. 1966ರಲ್ಲಿ ಆರಂಭವಾದ ಇದರಡಿ ನೂರಕ್ಕೂ ಮೀರಿದ ಸಂಘಗಳಿವೆ. ಕೋಟೆ, ಪ್ರಾರ್ಥನಾಮಂದಿರ, ಗಿರಣಿ, ಹಳ್ಳಿಯ ಬಟ್ಟೆ ಒಗೆಯುವ ಕೊಳ, ಹೀಗೆ ಎಲ್ಲದಕ್ಕೂ ಬೇಸಿಗೆಯಲ್ಲಿ ಸಾಮಾನ್ಯವಾಗಿ ಎರಡು ವಾರದ ಶಿಬಿರ ನಡೆಸುತ್ತಾರೆ. ಟೆಂಟಿನಲ್ಲಿ ವಾಸ, ಸರದಿಯ ಮೇಲೆ ಅಡುಗೆ.

ನನ್ನ ಎರಡನೆಯ ಬೇಸಿಗೆ ಕಳೆದದ್ದು ಸೂರು ಹಾರಿಹೋಗಿದ್ದ ಒಂದು ಪ್ರಾರ್ಥನಾಮಂದಿರದ ಗೋಡೆಯ ಮುಂದೆ, ಕೈಯಲ್ಲಿ ಕರಣೆ ಹಿಡಿದು. ಹಿಂದೆ ಯಾರೋ ಸಿಮೆಂಟಿನಿಂದ ಸಂದು ಮುಚ್ಚಿದ್ದರು. ಸಿಮೆಂಟು ಆ ಕಲ್ಲಿಗಿಂತ ಗಟ್ಟಿ, ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ತೇವ ಕಲ್ಲಿನ ಮೂಲಕವೇ ದಾರಿ ಹುಡುಕುತ್ತದೆ, ಕಲ್ಲಿನ ಮುಖ ಪದರಪದರವಾಗಿ ಎದ್ದುಬರುತ್ತದೆ. ಮೊದಲ ನಾಲ್ಕು ದಿನ ಚಾಣ ಹಿಡಿದು ಆ ಸಿಮೆಂಟನ್ನು ಬಿಡಿಸುವುದೇ ನಮ್ಮ ಕೆಲಸವಾಯಿತು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ, ಸಂದಿಗೆ ನೀರು ಚಿಮುಕಿಸಿ, ಒತ್ತಿ ತುಂಬಿದೆವು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಿಸುವುದನ್ನೂ ಒಂದು ದಿನ ತೋರಿಸಿದರು. ಒಲೆಯಿಲ್ಲದೆ ನೀರು ಕೊತಕೊತ ಕುದಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ. ನಿಮ್ಮ ಶಿಬಿರದಲ್ಲಿ ಕನ್ನಡಕ ಕೊಡದಿದ್ದರೆ ಅಲ್ಲಿ ನಿಲ್ಲಬೇಡಿ.

ಬರಿಗಲ್ಲಿಗೂ ಸುಣ್ಣಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಲದ್ದು. ಸುಣ್ಣ ಗಾಳಿಯ ಜೊತೆ ಸೇರಿ ಮತ್ತೆ ಕಲ್ಲಾಗಲು ವಾರಗಳು, ತಿಂಗಳುಗಳು ಬೇಕು. ನೀವು ತುಂಬಿದ ಸಂದು ಬಿರುಕು ಬಿಟ್ಟಿತೋ, ಪುಡಿಯಾಯಿತೋ ನೋಡಲು ನೀವು ಅಲ್ಲಿರುವುದಿಲ್ಲ, ಊರಿಗೆ ಮರಳಿರುತ್ತೀರಿ. ಆದ್ದರಿಂದ ಎರಡು ವಾರದಲ್ಲಿ ಸಿಗುವುದು ಅರ್ಧ ವಿದ್ಯೆ. ಉಳಿದರ್ಧವನ್ನು ಮನೆಯಲ್ಲಿ ಮುಂದುವರಿಸುವ ಮನಸ್ಸಿರುವವರಿಗೆ ಮಾತ್ರ ಇದನ್ನು ಸೂಚಿಸುತ್ತೇನೆ. ಅವಕಾಶವೇನೋ ನಮ್ಮಲ್ಲಿ ಧಾರಾಳವಾಗಿದೆ. ಸಿಮೆಂಟು ಬರುವ ಮುನ್ನ ನಮ್ಮ ಎಷ್ಟೋ ಮನೆ, ಗುಡಿ, ಬಾವಿಗಳು ಸುಣ್ಣದ ಗಾರೆಯವೇ. ಗಾರೆ ಅರೆಯುತ್ತಿದ್ದ ಗಾಣದ ಕಲ್ಲುಚಕ್ರಗಳು ಹಳೆಯ ಊರುಗಳಲ್ಲಿ ಇನ್ನೂ ಬಿದ್ದಿವೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುತ್ತಿದ್ದ ನಮ್ಮ ಪದ್ಧತಿ ಫ್ರಾನ್ಸಿನದಲ್ಲ. ಅಲ್ಲಿ ಕಲಿತದ್ದನ್ನು ಇಲ್ಲಿಯ ಹಿರಿಯ ಗಾರೆ ಕೆಲಸದವರ ಮುಂದಿಟ್ಟು ತಿದ್ದಿಕೊಳ್ಳಬೇಕಾಗುತ್ತದೆ. ನಾನು ಈಗ ಆ ಕೆಲಸದಲ್ಲಿಯೇ ಇದ್ದೇನೆ.

ಗೆದೆಲೋನ್

ಫ್ರಾನ್ಸಿನ ಬರ್ಗಂಡಿಯ ಕಾಡಿನಲ್ಲಿ, ತ್ರೆಂಯಿ ಊರಿನ ಬಳಿ, 1997ರಿಂದ ಗೆದೆಲೋನ್ ಎಂಬ ಒಂದು ಕೋಟೆ ಏಳುತ್ತಿದೆ. ಹದಿಮೂರನೆಯ ಶತಮಾನದ ಸಾಧನಗಳಿಂದ, ಹದಿಮೂರನೆಯ ಶತಮಾನದ ರೀತಿಯಲ್ಲಿ. ಮರದ ತೊಲೆಗಳನ್ನು ಕೊಡಲಿಯಿಂದಲೇ ಕೆತ್ತುತ್ತಾರೆ. 2019ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲ್ ಬೆಂಕಿಗೆ ಸಿಕ್ಕ ಮೇಲೆ ಅದರ ಮರದ ಚೌಕಟ್ಟನ್ನು ಮತ್ತೆ ಕೆತ್ತಿದ ಬಡಗಿಗಳಲ್ಲಿ ಗೆದೆಲೋನ್‌ನಲ್ಲಿ ಕೈ ಪಳಗಿಸಿಕೊಂಡವರೂ ಇದ್ದರು. ಹೊರಗಿನವರು ಹಣ ಕೊಟ್ಟು ಕೆಲವು ದಿನ ಕುಶಲಕರ್ಮಿಗಳ ಜೊತೆ ಕೆಲಸ ಮಾಡಬಹುದು, ಆದರೆ ಫ್ರೆಂಚ್ ಬರಲೇಬೇಕು. ಫ್ರೆಂಚ್ ಬಾರದವರು ಒಂದು ದಿನದ ಟಿಕೆಟ್ ತೆಗೆದುಕೊಂಡು ನೋಡಿ ಬನ್ನಿ. ನಾನು ಹಾಗೆಯೇ ಮಾಡಿದೆ. ಕೊಡಲಿ ಬೀಳುವ ಕೋನವನ್ನು ನೋಡುತ್ತಾ ಒಂದು ಗಂಟೆ ಕದಲದೆ ನಿಂತಿದ್ದೆ.

ರುಮೇನಿಯಾ: ಎರಡು ದಾರಿ

ಕ್ಲೂಜ್ ನಗರದ ಬಳಿಯ ಬೋಂತ್ಸಿದಾ ಹಳ್ಳಿಯಲ್ಲಿ ಬಾನ್ಫಿ ಮನೆತನದ ಅರಮನೆಯಿದೆ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದಕ್ಕೆ ಬೆಂಕಿಯಿಟ್ಟಿತು, ಆಮೇಲೆ ದಶಕಗಟ್ಟಲೆ ಹಾಳುಬಿದ್ದಿತ್ತು. 2001ರಿಂದ ಟ್ರಾನ್ಸಿಲ್ವೇನಿಯಾ ಟ್ರಸ್ಟ್ ಅದನ್ನೇ ಪಾಠಶಾಲೆ ಮಾಡಿಕೊಂಡಿದೆ. ಕಲ್ಲುಕೆತ್ತನೆ, ಬಡಗಿ ಕೆಲಸ, ಸುಣ್ಣದ ಗಿಲಾವು ಎಲ್ಲವನ್ನೂ ಅಲ್ಲಿ ದುರಸ್ತಿ ಮಾಡುತ್ತಲೇ ಕಲಿಸುತ್ತಾರೆ. 2008ರಲ್ಲಿ ಪರಂಪರೆಯ ರಕ್ಷಣೆಗೆ ಕೊಡುವ ಯೂರೋಪಾ ನೋಸ್ತ್ರಾ ಪ್ರಶಸ್ತಿಯೂ ಬಂದಿದೆ. ಇದು ಶಿಬಿರಕ್ಕಿಂತ ತರಬೇತಿಗೆ ಹತ್ತಿರ. ವಾಸ್ತುಶಿಲ್ಪ, ಸಿವಿಲ್ ಎಂಜಿನಿಯರಿಂಗ್ ಓದುವವರು, ಓದಿದವರು ಫ್ರಾನ್ಸಿನ ಬದಲು ಇಲ್ಲಿಗೇ ಹೋಗುವುದು ಮೇಲು. ಯಾಕೆ ಹೀಗೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ. ನನ್ನ ಪ್ರೊವಾನ್ಸ್ ಮೇಸ್ತ್ರಿಯಿಂದ ಹೇಗೆ ಎಂಬುದಷ್ಟೇ ಸಿಕ್ಕಿತ್ತು.

ಎರಡನೆಯದು 2016ರಲ್ಲಿ ಆರಂಭವಾದ ಸ್ಮಾರಕಗಳ ಆಂಬುಲೆನ್ಸ್. ಹೆಸರೇ ಹೇಳುವಂತೆ ತುರ್ತು ಚಿಕಿತ್ಸೆ. ಬೀಳುವ ಹಂತದಲ್ಲಿರುವ ಕಟ್ಟಡದ ಬಳಿಗೆ ಉಪಕರಣ ತುಂಬಿದ ವಾಹನ ಹೋಗುತ್ತದೆ. ಹಂಚು, ಮರವನ್ನು ಊರಿನವರು ಒದಗಿಸುತ್ತಾರೆ, ಕುಶಲಕರ್ಮಿಗಳ ಕೈಕೆಳಗೆ ಸ್ವಯಂಸೇವಕರು ಸೂರು ಸರಿಪಡಿಸುತ್ತಾರೆ. ಈ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ. ಸೂರು ಉಳಿದರೆ ಕಟ್ಟಡ ಉಳಿಯಿತು, ನಮ್ಮ ಹಂಚಿನ ಮನೆಗಳಿಗೂ ಅದೇ ಮಾತು. ಆದರೆ ತುರ್ತಿನಲ್ಲಿ ಕೈ ಹಿಡಿದು ಕಲಿಸಲು ಬಿಡುವು ಕಡಿಮೆ, ಕೆಲಸವೂ ಎತ್ತರದಲ್ಲಿ. ಒಂದು ಶಿಬಿರ ಮುಗಿಸಿ ಕೈ ಸ್ವಲ್ಪ ಪಳಗಿದ ಮೇಲೆ ಹೋಗುವ ಜಾಗವಿದು.

ಇಂಗ್ಲೆಂಡ್

ಬರಿಗಲ್ಲಿನ ಗೋಡೆಯ ವಿಷಯದಲ್ಲಿ ಅತ್ಯಂತ ಅಚ್ಚುಕಟ್ಟಾದ ವ್ಯವಸ್ಥೆ ಇರುವುದು ಬ್ರಿಟನ್ನಿನಲ್ಲಿ. 1968ರಲ್ಲಿ ಆರಂಭವಾದ ಡ್ರೈ ಸ್ಟೋನ್ ವಾಲಿಂಗ್ ಅಸೋಸಿಯೇಷನ್‌ನ ಶಾಖೆಗಳು ವಾರಾಂತ್ಯದ ತರಗತಿ ನಡೆಸುತ್ತವೆ. ಆರಂಭಿಕ ಹಂತದಿಂದ ಮಾಸ್ಟರ್ ಕ್ರಾಫ್ಟ್ಸ್‌ಮನ್‌ವರೆಗೆ ನಾಲ್ಕು ಮೆಟ್ಟಿಲಿನ ಪರೀಕ್ಷೆಯಿದೆ. ಪಾಠ ಇಂಗ್ಲಿಷಿನಲ್ಲಿ. ಯಾರ್ಕ್‌ಶೈರ್, ಕಂಬ್ರಿಯಾದ ಕುರಿಗಾವಲುಗಳ ನಡುವೆ ಹಬ್ಬಿರುವ ಗೋಡೆಗಳನ್ನು ಕಂಡವರಿಗೆ ಆ ಕಲಿಕೆಯ ಬೆಲೆ ಗೊತ್ತಾಗುತ್ತದೆ.

ಆದರೆ ವಾರಾಂತ್ಯ ಮುಗಿದರೆ ಗುಂಪು ಚದುರುತ್ತದೆ, ಒಟ್ಟಿಗೆ ಉಂಡು ಮಲಗುವ ಬದುಕು ಅಲ್ಲಿಲ್ಲ. ಪ್ರವಾಸಿ ವೀಸಾದ ನಿಯಮವೂ ಬಿಗಿ. ನೋಂದಾಯಿತ ಧರ್ಮದತ್ತಿ ಸಂಸ್ಥೆಗೆ ಒಟ್ಟು ಮೂವತ್ತು ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು, ಆದರೆ ಅದೇ ಪ್ರವಾಸದ ಮುಖ್ಯ ಉದ್ದೇಶವಾಗಿರಬಾರದು. ಆದ್ದರಿಂದ ನೆಂಟರ ಮನೆಗೋ ಮಕ್ಕಳ ಮನೆಗೋ ಹೇಗೂ ಹೋಗುತ್ತಿರುವವರು, ಅಲ್ಲಿಯೇ ನೆಲೆಸಿರುವ ಕನ್ನಡಿಗರು ಈ ತರಗತಿಗಳನ್ನು ಖಂಡಿತ ಬಳಸಿಕೊಳ್ಳಿ. ಇದೊಂದಕ್ಕಾಗಿಯೇ ಬೆಂಗಳೂರಿನಿಂದ ವಿಮಾನ ಹತ್ತುವುದನ್ನು ನಾನು ಸೂಚಿಸಲಾರೆ.

ಜಪಾನಿನ ಹುಲ್ಲಿನ ಸೂರಿನ ಬಗ್ಗೆಯೂ ಕೆಲವರು ವಿಚಾರಿಸುತ್ತಾರೆ. ಶಿರಾಕವಾ ಹಳ್ಳಿಯಲ್ಲಿ ಒಬ್ಬರ ಮನೆಯ ಸೂರಿಗೆ ಊರೆಲ್ಲ ಸೇರಿ ಹುಲ್ಲು ಹೊದಿಸುವ ಪದ್ಧತಿಗೆ ಯುಯಿ ಎನ್ನುತ್ತಾರೆ. ನಮ್ಮ ಕಡೆ ಮುಯ್ಯಾಳಿನಲ್ಲಿ ಸೋಗೆ ಹೊದಿಸುತ್ತಿದ್ದುದೂ ಇದೇ ರೀತಿ, ಅಜ್ಜಿ ಹೇಳುತ್ತಿದ್ದ ಮುಯ್ಯಿ ಎಂಬ ಮಾತಿಗೆ ಯುಯಿ ಎಷ್ಟು ಹತ್ತಿರ! ಆದರೆ ಮುಯ್ಯಿ ತೀರಿಸಲು ಅದೇ ಊರಿನಲ್ಲಿ ಬಾಳಬೇಕು. ಎರಡು ವಾರಕ್ಕೆ ಬಂದವರಿಗೆ ಹುಲ್ಲು ಎತ್ತಿಕೊಡುವ ಕೆಲಸ ಸಿಕ್ಕೀತು, ಹೊದಿಸುವ ಕಸುಬು ಕಷ್ಟ.

ವೀಸಾ, ಖರ್ಚು, ಊಟ

ಫ್ರಾನ್ಸಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ರುಮೇನಿಯಾ ಕೂಡ 2025ರ ಜನವರಿಯಿಂದ ಪೂರ್ತಿಯಾಗಿ ಷೆಂಗೆನ್‌ನೊಳಗೆ ಬಂದಿದೆ, ಹಾಗಾಗಿ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಿಬರಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಶಿಬಿರದವರಿಂದ ಆಹ್ವಾನಪತ್ರ ತರಿಸಿಕೊಳ್ಳಿ, ಊಟ ಮತ್ತು ವಾಸದ ಹೊಣೆ ಯಾರದು ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಹೋಗುವ ಉದ್ದೇಶವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಖರ್ಚಿನಲ್ಲಿ ಸಿಂಹಪಾಲು ವಿಮಾನದ್ದೇ. ಅದನ್ನು ಬಿಟ್ಟರೆ, ಇಲ್ಲಿ ಹೇಳಿದ ಫ್ರೆಂಚ್ ಶಿಬಿರಗಳ ಶುಲ್ಕ ನಾನು ಏಜೆನ್ಸಿಗೆ ಕಟ್ಟಿದ್ದಕ್ಕಿಂತ ಬಹಳ ಕಡಿಮೆ.

ಸಸ್ಯಾಹಾರಿಗಳು ಅರ್ಜಿಯಲ್ಲಿಯೇ ಹೇಳಿಬಿಡಿ. ಹಳ್ಳಿಯ ಶಿಬಿರದಲ್ಲಿ ಬ್ರೆಡ್ಡು, ಚೀಸು, ಟೊಮೆಟೊ, ಬೇಳೆಕಾಳು ಇದ್ದೇ ಇರುತ್ತವೆ. ಕಲ್ಲು ಹೊತ್ತ ಮೈಗೆ ಅದು ಸಾಲದೆಂದು ಅನ್ನಿಸುವ ದಿನವೂ ಬರುತ್ತದೆ. ನನ್ನ ಸರದಿ ಬಂದಾಗ ಅಲ್ಲಿ ಸಿಕ್ಕ ಕುಸ್‌ಕುಸ್‌ಗೆ ಮನೆಯಿಂದ ಒಯ್ದಿದ್ದ ಸಾಸಿವೆ, ಒಣಮೆಣಸಿನಿಂದ ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಿದೆ. ಮೇಸ್ತ್ರಿ ಎರಡನೆಯ ಸಲ ಹಾಕಿಸಿಕೊಂಡರು.

ಅರ್ಜಿ ಹಾಕುವ ಮುನ್ನ

ಎಲ್ಲ ಶಿಬಿರಗಳ ವಿವರಣೆಯೂ ಓದಲು ಒಂದೇ ತರಹ ಇರುತ್ತದೆ: ಪರಂಪರೆ, ಸ್ನೇಹ, ಅನುಭವ. ಅದರಿಂದ ಏನೂ ತಿಳಿಯುವುದಿಲ್ಲ. ನಡೆಸುವವರಿಗೆ ನೇರವಾಗಿ ಬರೆದು ಮೂರು ವಿಷಯ ಕೇಳಿ. ಕಲಿಸುವವರು ಅದೇ ಕಸುಬಿನಿಂದ ಹೊಟ್ಟೆ ಹೊರೆಯುವವರೋ, ಗುಂಪನ್ನು ನೋಡಿಕೊಳ್ಳಲು ನೇಮಿಸಿದ ವಿದ್ಯಾರ್ಥಿಯೋ? ಎಷ್ಟು ಜನಕ್ಕೆ ಒಬ್ಬರು? ಒಂದೇ ಕೆಲಸದ ಮೇಲೆ ಎಷ್ಟು ದಿನ ಇರಿಸುತ್ತೀರಿ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ದಿನಕ್ಕೊಂದು ಕೆಲಸದ ರುಚಿ ತೋರಿಸುವ ಶಿಬಿರಗಳಿಂದ ಬಂದವರ ಬಳಿ ಫೋಟೊಗಳು ಬಹಳವಿರುತ್ತವೆ, ಕೈಯಲ್ಲಿ ಏನೂ ಇರುವುದಿಲ್ಲ.

ಪ್ರೊವಾನ್ಸ್‌ಗೆ ಹೋಗುವ ಮೊದಲು ಇದೇ ಮೂರು ಪ್ರಶ್ನೆಗಳನ್ನು ಐದು ಕಡೆಗೆ ಬರೆದಿದ್ದೆ. ಇಬ್ಬರು ಉತ್ತರಿಸಲಿಲ್ಲ, ಇಬ್ಬರು ಮತ್ತೆ ಅದೇ ಪ್ರಕಟಣೆಯನ್ನು ಕಳುಹಿಸಿದರು. ಐದನೆಯವರದು ಎರಡು ಸಾಲಿನ ಪತ್ರ: "ನಮ್ಮ ಮೇಸ್ತ್ರಿ ನಲವತ್ತು ವರ್ಷದಿಂದ ಗೋಡೆ ಕಟ್ಟುತ್ತಿದ್ದಾರೆ, ಎಂಟು ಜನಕ್ಕೆ ಅವರೊಬ್ಬರೇ. ಹತ್ತು ದಿನವೂ ಒಂದೇ ಗೋಡೆ, ಬೇಸರವಾದೀತು." ಅವತ್ತು ಸಂಜೆಯೇ ಅರ್ಜಿ ಕಳುಹಿಸಿದೆ.